ಸಕ್ಕರೆಯ ಕಣಜ ಇರುವುದು ತೊಡೆಯಲ್ಲಿ

ಕುಮಟಾದ ನಮ್ಮ ಮನೆಯಲ್ಲಿ ಆಯಿ ತುರಿಮಣೆಯಿಂದ ಏಳುವುದನ್ನು ನಾನು ಸರಿಯಾಗಿ ಗಮನಿಸಿದ್ದು ಕಳೆದ ವರ್ಷ. ಬಲಗೈ ನೆಲಕ್ಕೂರಿ, ಎಡಗೈಯಲ್ಲಿ ಗೋಡೆ ಹಿಡಿದು, ಅರ್ಧಕ್ಕೆ ನಿಂತು ಉಸಿರು ಬಿಟ್ಟು, ಮತ್ತೆ ಎದ್ದಳು. ವಯಸ್ಸು 72, ಸಕ್ಕರೆ ಕಾಯಿಲೆಗೆ 14 ವರ್ಷ. ಬೆಳಿಗ್ಗೆ ಹಾಗಲಕಾಯಿ ರಸ, ರಾತ್ರಿ ಎರಡು ಚಪಾತಿ, ಉಳಿದ ಹೊತ್ತು ವಿಶ್ರಾಂತಿ. ರಕ್ತಪರೀಕ್ಷೆಯ ಚೀಟಿಯಲ್ಲಿ ಅಂಕಿ ಚೆನ್ನಾಗಿಯೇ ಇತ್ತು. ಅವಳ ತೊಡೆ ಸೊರಗಿದ್ದನ್ನು ಯಾರೂ ನೋಡಿರಲಿಲ್ಲ.

ನಮ್ಮ ಕಡೆ ಈ ಕಾಯಿಲೆಗೆ ಸಿಗುವ ಸಲಹೆಗಳೆಲ್ಲ ಬಾಯಿಗೆ ಸಂಬಂಧಿಸಿದವು. ಕಹಿ ಕುಡಿದರೆ ಸಿಹಿ ಸಾಯುತ್ತದೆ, ಅನ್ನ ಬಿಟ್ಟು ಚಪಾತಿ ತಿಂದರೆ ಸಾಕು. ಕಹಿ ಸಿಹಿಯನ್ನು ಮರೆಸುವುದು ನಾಲಿಗೆಯ ಮೇಲೆ ಮಾತ್ರ. ಗೋಧಿಯಲ್ಲಿರುವುದೂ ಅಕ್ಕಿಯಲ್ಲಿರುವಂಥ ಪಿಷ್ಟವೇ. ತಿಂದದ್ದು ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಲೆಕ್ಕ ಹಾಕಿ ನೋಡಿ. ದೇಹದಲ್ಲಿ ಸುಮಾರು 5 ಲೀಟರ್ ರಕ್ತ. ಡೆಸಿಲೀಟರಿಗೆ, ಅಂದರೆ 100 ಮಿಲಿಲೀಟರಿಗೆ, 100 ಮಿಲಿಗ್ರಾಂ ಎಂದರೆ ಅಷ್ಟೂ ರಕ್ತದಲ್ಲಿರುವ ಸಕ್ಕರೆ 5 ಗ್ರಾಂ, ಒಂದು ಚಹಾ ಚಮಚ. ಒಂದು ತಟ್ಟೆ ಕುಚ್ಚಲಕ್ಕಿ ಅನ್ನದಲ್ಲಿ ಅದರ ಹತ್ತು ಪಟ್ಟು ಪಿಷ್ಟವಿದೆ. ಅಷ್ಟನ್ನೂ ರಕ್ತ ಹೊತ್ತುಕೊಂಡಿರಲಾರದು. ಒಂದು ದೊಡ್ಡ ಪಾಲು ಯಕೃತ್ತಿಗೆ, ಇನ್ನೊಂದು ದೊಡ್ಡ ಪಾಲು ಸ್ನಾಯುಗಳಿಗೆ ಹೋಗಬೇಕು. ಯಕೃತ್ತಿನ ಕಣಜದಲ್ಲಿ ಹಿಡಿಯುವುದು ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400. ವಯಸ್ಸಾದಂತೆ ಕುಗ್ಗುವುದು ಈ ದೊಡ್ಡ ಕಣಜ. ಮಧುಮೇಹವಿದ್ದರೆ ಅದು ಇನ್ನೂ ಬೇಗ ಕುಗ್ಗುತ್ತದೆ.

ಈಗ ನನಗೆ ಅತ್ಯಂತ ಪ್ರಿಯವಾದ ಸಂಗತಿ. ಗ್ಲೂಕೋಸ್ ಸ್ನಾಯುಕೋಶದ ಪೊರೆಯನ್ನು ತಾನಾಗಿ ದಾಟಲಾರದು. ತದಡಿಯಿಂದ ಹೊಳೆಯಾಚೆಯ ಅಘನಾಶಿನಿ ಊರಿಗೆ ಹೋಗುವವರು ದಡದಲ್ಲಿ ದೋಣಿಗೆ ಕಾಯುವಂತೆ ಅದು ಹೊರಗೆ ಕಾಯುತ್ತದೆ. ಇಲ್ಲಿ ದೋಣಿ ಎಂದರೆ ಗ್ಲುಟ್-4 ಎಂಬ ಪ್ರೋಟೀನು. ಕೆಲಸವಿಲ್ಲದಾಗ ಈ ದೋಣಿಗಳನ್ನು ಕೋಶದ ಒಳಗೆ ಕಟ್ಟಿ ಹಾಕಿರುತ್ತದೆ. ಇನ್ಸುಲಿನ್ ಬಂದು ಕೂಗು ಹಾಕಿದಾಗ ಅವು ದಡಕ್ಕೆ ಬರುತ್ತವೆ. ಮುಪ್ಪಿನಲ್ಲಿ ಸಾಮಾನ್ಯವಾದ ಎರಡನೇ ಬಗೆಯ ಮಧುಮೇಹದಲ್ಲಿ ಆ ಕೂಗು ಒಳಗೆ ಸರಿಯಾಗಿ ಕೇಳಿಸುವುದಿಲ್ಲ. ಆದರೆ ಸ್ನಾಯು ದುಡಿಯತೊಡಗಿದರೆ, ಅದರೊಳಗೆ ಕ್ಯಾಲ್ಸಿಯಂ ಹರಿದು ಶಕ್ತಿ ಖರ್ಚಾಗತೊಡಗಿದರೆ, ಅವೇ ದೋಣಿಗಳು ಯಾರ ಕೂಗಿಗೂ ಕಾಯದೆ ದಡಕ್ಕೆ ಬರುತ್ತವೆ! ಮುಂಬಾಗಿಲ ಬೀಗ ತುಕ್ಕು ಹಿಡಿದ ಮನೆಗೂ ಹಿತ್ತಿಲ ಬಾಗಿಲು ಇರುತ್ತದಲ್ಲ, ಹಾಗೆ. ದುಡಿದ ಸ್ನಾಯು ತುಂಬಿಸಲು ಕಾಯುವ ಖಾಲಿ ಬಿಂದಿಗೆಯ ಹಾಗೂ ಹೌದು: ಒಂದೆರಡು ದಿನ ಅದು ಇನ್ಸುಲಿನ್ನಿನ ಮಾತನ್ನೂ ಹೆಚ್ಚು ಕೇಳುತ್ತದೆ.

ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪ್ರಮೇಹಿಗೆ (ಮಧುಮೇಹವೂ ಸೇರಿದ ಮೂತ್ರದ ಕಾಯಿಲೆಗಳಿರುವವನಿಗೆ) ನೂರು ಯೋಜನ ನಡೆ, ಬಾವಿ ತೋಡು ಎಂಬ ವಿಧಿಗಳಿವೆ. ಇನ್ಸುಲಿನ್ನಿನ ಹೆಸರೇ ಇಲ್ಲದ ಕಾಲದಲ್ಲಿ ನೋಡಿ ನೋಡಿ ಕಂಡುಕೊಂಡ ಸತ್ಯ ಅದು. ಅಲ್ಲಿಯೇ ಕೃಶನಾದ ರೋಗಿಯನ್ನು ಸದಾ ಕಾಪಾಡಬೇಕು ಎಂಬ ಮಾತೂ ಇದೆ. ಅದನ್ನು ಓದಿದಾಗ ಮೈ ಜುಮ್ಮೆಂದಿತು. ಆದರೆ ಚಪ್ಪಲಿಯಿಲ್ಲದೆ ನಡೆ ಎಂದದ್ದನ್ನು ದಯವಿಟ್ಟು ಪಾಲಿಸಬೇಡಿ. ಪಾದದ ಸ್ಪರ್ಶ ಕುಂದಿದವರಿಗೆ ಮರಳಿನೊಳಗಿನ ಚಿಪ್ಪು ಚುಚ್ಚಿದ್ದೂ ತಿಳಿಯುವುದಿಲ್ಲ.

ಮುಪ್ಪಿನಲ್ಲಿ ಸ್ನಾಯು ಮತ್ತೆ ಬಲಗೊಳ್ಳುತ್ತದೆಯೇ? 1990ರಲ್ಲಿ ಪ್ರಕಟವಾದ ಬಾಸ್ಟನ್ನಿನ ಪ್ರಯೋಗವೊಂದರಲ್ಲಿ ಆರೈಕೆ ಕೇಂದ್ರದ, 86ರಿಂದ 96 ವಯಸ್ಸಿನ ಹತ್ತು ಮಂದಿ ಕಾಲಿನಿಂದ ಭಾರ ಎತ್ತತೊಡಗಿದರು. ಎಂಟು ವಾರ ಪೂರೈಸಿದವರ ತೊಡೆಯ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. 2019ರಲ್ಲಿ ಯುರೋಪಿನ ಏಳು ದೇಶಗಳ ಅಧ್ಯಯನವೊಂದು ಹೊರಬಂತು. 70 ದಾಟಿದ, ಬಲಗುಂದಿದ ಅಥವಾ ಬಲಗುಂದುತ್ತಿದ್ದ 964 ಮಧುಮೇಹಿಗಳು ಅದರಲ್ಲಿದ್ದರು. ಭಾರ ಎತ್ತುವ ವ್ಯಾಯಾಮ, ಆಹಾರದ ತಿಳಿವಳಿಕೆ, ಜೊತೆಗೆ ಸಕ್ಕರೆಯನ್ನು ಅತಿಯಾಗಿ ಇಳಿಸದಿರುವ ಎಚ್ಚರ: ಇವು ದೊರೆತವರ ನಡಿಗೆ, ಸಮತೋಲನ, ಕುರ್ಚಿಯಿಂದ ಏಳುವ ಶಕ್ತಿ ಉಳಿದವರಿಗಿಂತ ಉತ್ತಮವಾಯಿತು. ಆ ಎಚ್ಚರ ಸಣ್ಣದಲ್ಲ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವ ಹಿರಿಯರಿಗೆ ಸಕ್ಕರೆ ಕುಸಿದರೆ ತಲೆಸುತ್ತು, ಗಲಿಬಿಲಿ ಬರಬಹುದು, ಬಿದ್ದು ಸೊಂಟ ಮುರಿಯಬಹುದು. ವೈದ್ಯರನ್ನು ಕೇಳಿಯೇ ಶುರುಮಾಡಬೇಕು.

ಊಟದಲ್ಲಿ ಕಡಿಮೆ ಬೀಳುವುದು ಪ್ರೋಟೀನು. ಮೂತ್ರಪಿಂಡದ ತೊಂದರೆಯಿಲ್ಲದ ಹಿರಿಯರಿಗೆ ತೂಕದ ಕಿಲೋಗೆ 1ರಿಂದ 1.2 ಗ್ರಾಂ ಬೇಕು, 55 ಕಿಲೋದ ಆಯಿಗೆ ದಿನಕ್ಕೆ ಕನಿಷ್ಠ 55 ಗ್ರಾಂ. ಅನ್ನ, ತಂಬುಳಿ, ಚಪಾತಿಯಿಂದ ಅದು ತುಂಬುವುದಿಲ್ಲ. ಪಕ್ಕದ ಮನೆಯವರಿಗೆ ಬಂಗುಡೆ ಇದೆ. ನಮ್ಮಲ್ಲಿ ಮೊಳಕೆ ಹೆಸರುಕಾಳು, ಗಟ್ಟಿ ಮೊಸರು, ತೊವ್ವೆ ಹೆಚ್ಚಿದವು.

ಜೂನ್ ಬಂದರೆ ನಮ್ಮ ಜಿಲ್ಲೆಯಲ್ಲಿ ಹೊರಗಿನ ನಡಿಗೆ ಮುಗಿಯಿತು, ಜಗಲಿಯೇ ಗತಿ. ಕೈಗಳನ್ನು ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಬಲ ಕುಂದಿದೆ ಎಂದು ಲೆಕ್ಕ. ಮೊದಲ ದಿನ ಆಯಿಗೆ 21 ಹಿಡಿಯಿತು, ನಾಲ್ಕನೆಯ ಸಲ ಕೈ ಬಿಚ್ಚಿ ಕುರ್ಚಿ ಹಿಡಿದಳು. ಈಗ ಮಧ್ಯಾಹ್ನದ ಊಟವಾಗಿ ಅರ್ಧ ತಾಸಿಗೆ, ಹೊರಗೆ ಮಳೆ ಹೊಯ್ಯುತ್ತಿರುವಾಗ, ಎರಡೂ ಕೈಯಲ್ಲಿ ನೀರು ತುಂಬಿದ ಬಾಟಲಿ ಹಿಡಿದು ಎದ್ದು ಕೂರುತ್ತಾಳೆ, ತಾನೇ ಎಣಿಸುತ್ತಾಳೆ. ಕಳೆದ ವಾರ ಗಡಿಯಾರ ಹಿಡಿದು ನೋಡಿದಾಗ 16 ಬಂತು.