ಓದುಗರ ಪ್ರಶ್ನೆ: ಬೇಲಿಯಿಲ್ಲದ ರೋಬೋಟಿಗೆ ಮನುಷ್ಯ ಅಡ್ಡ ಬಂದದ್ದು ಹೇಗೆ ತಿಳಿಯುತ್ತದೆ?

ಪ್ರಶ್ನೆ: ಕಾರ್ಖಾನೆಗಳಲ್ಲಿ ರೋಬೋಟುಗಳನ್ನು ಕಬ್ಬಿಣದ ಬೇಲಿಯೊಳಗೆ ನಿಲ್ಲಿಸುವುದು ವಾಡಿಕೆಯಾಗಿತ್ತು. ಈಗ ಬೇಲಿಯೇ ಇಲ್ಲದೆ ಕೆಲಸಗಾರರ ಮಗ್ಗುಲಲ್ಲೇ ದುಡಿಯುವ ರೋಬೋಟುಗಳು ಬಂದಿವೆ. ಯಾರದಾದರೂ ಕೈ ಅಡ್ಡ ಬಂದರೆ ಅವು ತಾವಾಗಿಯೇ ನಿಲ್ಲುತ್ತವೆ. ಮನುಷ್ಯ ಅಡ್ಡ ಬಂದನೆಂದು ಅವುಗಳಿಗೆ ತಿಳಿಯುವುದಾದರೂ ಹೇಗೆ? ಕ್ಯಾಮೆರಾದಿಂದಲೇ, ಕೃತಕ ಬುದ್ಧಿಮತ್ತೆಯಿಂದಲೇ?

ಉತ್ತರ: ಇಂಥ ಬಹುಪಾಲು ರೋಬೋಟುಗಳಿಗೆ ಮನುಷ್ಯ ಅಡ್ಡ ಬಂದನೆಂಬುದು ತಿಳಿಯುವುದೇ ಇಲ್ಲ. ತನ್ನ ಕೀಲುಗಳಿಗೆ ಈ ಕ್ಷಣದಲ್ಲಿ ಲೆಕ್ಕದ ಪ್ರಕಾರ ಬೇಕಾಗಿದ್ದ ಬಲವೆಷ್ಟು, ನಿಜವಾಗಿ ಬೇಕಾಗುತ್ತಿರುವ ಬಲವೆಷ್ಟು, ಇವೆರಡರ ನಡುವೆ ವ್ಯತ್ಯಾಸ ಬಂದಿದೆಯೇ ಎಂಬುದಷ್ಟೇ ಅದಕ್ಕೆ ಗೊತ್ತು. ಆ ವ್ಯತ್ಯಾಸಕ್ಕೆ ಕಾರಣ ಯಾರದೋ ಮೊಣಕೈಯೋ, ಮೇಜಿನ ಮೇಲೆ ಮರೆತುಬಿಟ್ಟ ಸ್ಪ್ಯಾನರೋ ಎಂಬ ವಿಚಾರಣೆ ಅಲ್ಲಿ ನಡೆಯುವುದಿಲ್ಲ. ಆದ್ದರಿಂದ ಈ ಸುರಕ್ಷತೆಯ ಮೂಲವನ್ನು ಕೃತಕ ಬುದ್ಧಿಮತ್ತೆಯಲ್ಲಿ ಹುಡುಕುವುದಕ್ಕಿಂತ, ಕಳೆದ ನಲವತ್ತು ವರ್ಷಗಳಲ್ಲಿ ಕೆಲವು ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳಲ್ಲಿ ಬೆಳೆದ ನಿಯಂತ್ರಣ ಎಂಜಿನಿಯರಿಂಗಿನಲ್ಲಿ ಹುಡುಕುವುದು ಸರಿ.

ಮೊದಲು ಬೇಲಿ ಏಕೆ ಬೇಕಾಗಿತ್ತು ಎಂಬುದನ್ನು ನೋಡೋಣ. 1979ರ ಜನವರಿ 25ರಂದು ಅಮೆರಿಕದ ಮಿಷಿಗನ್ ರಾಜ್ಯದ ಫ್ಲ್ಯಾಟ್ ರಾಕ್‌ನಲ್ಲಿ, ಫೋರ್ಡ್ ಕಂಪನಿಯ ಎರಕದ ಕಾರ್ಖಾನೆಯಲ್ಲಿ, ರಾಬರ್ಟ್ ವಿಲಿಯಮ್ಸ್ ಎಂಬ 25 ವರ್ಷದ ಕೆಲಸಗಾರ ಬಿಡಿಭಾಗಗಳನ್ನು ತೆಗೆಯಲು ದಾಸ್ತಾನಿನ ರ‍್ಯಾಕ್ ಹತ್ತಿದ್ದಾಗ ರೋಬೋಟಿನ ತೋಳು ತಲೆಗೆ ಬಡಿದು ಅವರು ಅಸುನೀಗಿದರು. ರೋಬೋಟಿನಿಂದ ಸಂಭವಿಸಿದ ಮೊದಲ ಸಾವೆಂದು ಈ ದುರ್ಘಟನೆ ದಾಖಲಾಗಿದೆ. ಆ ಯಂತ್ರಕ್ಕೆ ತನ್ನ ದಾರಿಯಲ್ಲಿ ಏನಿದೆ ಎಂದು ಅರಿಯುವ ಯಾವ ಸಾಧನವೂ ಇರಲಿಲ್ಲ. ಹೇಳಿದ ಜಾಗಕ್ಕೆ ಹೇಳಿದ ಹೊತ್ತಿಗೆ ತಲುಪುವುದಷ್ಟೇ ಅದರ ಕೆಲಸವಾಗಿತ್ತು.

ಆ ಕಾಲದ ರೋಬೋಟುಗಳನ್ನು ಆಳುತ್ತಿದ್ದುದು ಸ್ಥಾನ ನಿಯಂತ್ರಣ. ತೋಳು ಎಲ್ಲಿರಬೇಕು, ಎಲ್ಲಿದೆ, ಇವೆರಡರ ಅಂತರವೇ ದೋಷ. ಆ ದೋಷವನ್ನು ಸೊನ್ನೆಗಿಳಿಸುವಷ್ಟು ಬಲವನ್ನು ಮೋಟಾರು ಹಾಕಬೇಕು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಪಿಐಡಿ ನಿಯಂತ್ರಕದ ಪರಿಚಯವಿರುತ್ತದೆ. ಅದರಲ್ಲಿ ‘ಐ’ ಎಂಬ ಭಾಗ ದೋಷವನ್ನು ಹೊತ್ತಿನೊಂದಿಗೆ ಕೂಡಿಸುತ್ತಾ ಹೋಗುತ್ತದೆ. ಘರ್ಷಣೆಯಿಂದಲೋ ಭಾರದಿಂದಲೋ ತೋಳು ಗುರಿಗಿಂತ ಕೂದಲೆಳೆಯಷ್ಟು ಹಿಂದೆ ಉಳಿದರೂ ಈ ಕೂಡಿಕೆ ಅದನ್ನು ಗುರಿ ಮುಟ್ಟಿಸುತ್ತದೆ. ಬೆಸುಗೆಯಂಥ ನಿಖರ ಕೆಲಸಕ್ಕೆ ಇದು ವರದಾನ. ಆದರೆ ತೋಳಿಗೂ ಗೋಡೆಗೂ ನಡುವೆ ಒಬ್ಬ ಮನುಷ್ಯ ಸಿಕ್ಕಿಕೊಂಡಿದ್ದಾನೆ ಎಂದಿಟ್ಟುಕೊಳ್ಳಿ. ದೋಷ ಕರಗುವುದಿಲ್ಲ, ಕೂಡಿಕೆ ಬೆಳೆಯುತ್ತದೆ, ಮೋಟಾರಿನ ಸಾಮರ್ಥ್ಯ ಮುಗಿಯುವವರೆಗೂ ಒತ್ತಡ ಏರುತ್ತಲೇ ಹೋಗುತ್ತದೆ. ಯಂತ್ರ ಕೆಟ್ಟದ್ದರಿಂದ ಹೀಗಾಗುವುದಲ್ಲ. ಅದು ಅತ್ಯಂತ ನಿಷ್ಠೆಯಿಂದ ಕೆಲಸ ಮಾಡುತ್ತಿರುವುದರಿಂದಲೇ ಹೀಗಾಗುತ್ತದೆ. ಬೇಲಿ ಬೇಕಾದದ್ದು ಈ ನಿಷ್ಠೆಯಿಂದ ಮನುಷ್ಯನನ್ನು ಕಾಯುವುದಕ್ಕೆ.

ಈ ಚಿಂತನೆಗೆ ತಿರುವು ಕೊಟ್ಟವರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ನೆವಿಲ್ ಹೋಗನ್. ಮನುಷ್ಯನ ತೋಳು ಮತ್ತು ಅದರ ಸ್ನಾಯುಗಳನ್ನು ಅಧ್ಯಯನ ಮಾಡುತ್ತಿದ್ದ ಅವರು 1985ರಲ್ಲಿ ಮೂರು ಭಾಗಗಳ ಒಂದು ಪ್ರಬಂಧ ಪ್ರಕಟಿಸಿ, ಇಂಪೀಡೆನ್ಸ್ ನಿಯಂತ್ರಣ ಎಂಬ ವಿಧಾನವನ್ನು ಮುಂದಿಟ್ಟರು. ಹೊರಗಿನ ವಸ್ತುವೊಂದನ್ನು ಮುಟ್ಟಿಕೊಂಡಿರುವ ಯಂತ್ರ ತನ್ನ ಸ್ಥಾನವನ್ನೂ ತಾನು ಹಾಕುವ ಬಲವನ್ನೂ ಏಕಕಾಲಕ್ಕೆ ತನ್ನಿಷ್ಟದಂತೆ ನಿಗದಿ ಮಾಡಲಾರದು, ಏಕೆಂದರೆ ಅದರಲ್ಲಿ ಎದುರಿನ ವಸ್ತುವಿನ ಪಾಲೂ ಇರುತ್ತದೆ. ಯಂತ್ರದ ಕೈಯಲ್ಲಿರುವುದು ಬಲಕ್ಕೂ ಚಲನೆಗೂ ಇರಬೇಕಾದ ಸಂಬಂಧ ಮಾತ್ರ ಎಂಬುದು ಅವರ ವಾದದ ತಿರುಳು. ಇಬ್ಬರು ಸೇರಿ ಬೀರುವೊಂದನ್ನು ಇಕ್ಕಟ್ಟಾದ ಮೆಟ್ಟಿಲಿನಲ್ಲಿ ಏರಿಸುವಾಗ ತನ್ನ ಕೈ ಇಂಥದೇ ಎತ್ತರದಲ್ಲಿರಬೇಕೆಂದು ಯಾರೂ ಹಟ ಹಿಡಿಯುವುದಿಲ್ಲ. ಆ ಕಡೆಯವನು ಎಳೆದಷ್ಟು ಈ ಕಡೆಯವನು ಬಿಟ್ಟುಕೊಡುತ್ತಾನೆ, ಆದರೆ ಪೂರ್ತಿ ಸಡಿಲ ಬಿಡುವುದಿಲ್ಲ.

ಗಣಿತದಲ್ಲಿ ಇದರ ರೂಪ ಸರಳವಾಗಿದೆ. ತೋಳಿನ ತುದಿ ಮತ್ತು ಅದರ ಗುರಿಯ ನಡುವೆ ಒಂದು ಸ್ಪ್ರಿಂಗ್, ಚಲನೆಯ ರಭಸವನ್ನು ತಗ್ಗಿಸುವ ಒಂದು ಡ್ಯಾಂಪರ್ ಇದ್ದರೆ ಹೇಗೋ ಹಾಗೆ ಮೋಟಾರುಗಳು ವರ್ತಿಸುವಂತೆ ನಿಯಂತ್ರಕವನ್ನು ಬರೆಯುತ್ತಾರೆ. ಸ್ಪ್ರಿಂಗ್ ಕಣ್ಣಿಗೆ ಕಾಣುವುದಿಲ್ಲ, ಅದು ಇರುವುದು ಸಾಫ್ಟ್‌ವೇರಿನಲ್ಲಿ ಮಾತ್ರ. ಒಂದು ಲೆಕ್ಕ ಮಾಡಿ ನೋಡಬಹುದು. ಸ್ಪ್ರಿಂಗಿನ ಬಿಗಿ ಮೀಟರಿಗೆ 50,000 ನ್ಯೂಟನ್ ಇದ್ದರೆ, ತೋಳನ್ನು ಗುರಿಯಿಂದ ಒಂದು ಸೆಂಟಿಮೀಟರ್ ತಡೆದು ನಿಲ್ಲಿಸಿದವನ ಮೇಲೆ 500 ನ್ಯೂಟನ್, ಅಂದರೆ ಸುಮಾರು 50 ಕಿಲೋ ತೂಕದಷ್ಟು ಬಲ ಬೀಳುತ್ತದೆ. ಅದೇ ಬಿಗಿಯನ್ನು 500 ನ್ಯೂಟನ್‌ಗೆ ಇಳಿಸಿದರೆ ಬೀಳುವುದು ಕೇವಲ 5 ನ್ಯೂಟನ್. ಹೋಗನ್ ಮತ್ತು ಸಂಗಡಿಗರು ಇದೇ ತತ್ತ್ವದ ಮೇಲೆ, ಪಾರ್ಶ್ವವಾಯುವಿನಿಂದ ಕೈ ಸ್ವಾಧೀನ ಕಳೆದುಕೊಂಡವರಿಗೆ ವ್ಯಾಯಾಮ ಮಾಡಿಸುವ ಎಂಐಟಿ-ಮಾನಸ್ ಎಂಬ ರೋಬೋಟನ್ನೂ ರೂಪಿಸಿದರು. ರೋಗಿ ತಾನಾಗಿ ಕೈ ಆಡಿಸಿದರೆ ಯಂತ್ರ ಸುಮ್ಮನೆ ಜೊತೆಗೂಡುತ್ತದೆ, ದಾರಿ ತಪ್ಪಿದರೆ ಮೆಲ್ಲಗೆ ಎಳೆದುಕೊಳ್ಳುತ್ತದೆ.

ಬರಿಯ ಮೆದುತನದಿಂದ ಕೆಲಸ ಮುಗಿಯಲಿಲ್ಲ. ಡಿಜಿಟಲ್ ನಿಯಂತ್ರಕ ಅಳತೆ ತೆಗೆದು, ಲೆಕ್ಕ ಹಾಕಿ, ಆಜ್ಞೆ ಕೊಡುವ ನಡುವೆ ಚೂರು ವಿಳಂಬವಾಗುತ್ತದೆ. ಆ ವಿಳಂಬದಿಂದ, ಸಾಫ್ಟ್‌ವೇರಿನ ಸ್ಪ್ರಿಂಗ್ ತಾನು ಹೀರಿಕೊಂಡದ್ದಕ್ಕಿಂತ ಹೆಚ್ಚು ಶಕ್ತಿಯನ್ನು ಹೊರಹಾಕಿಬಿಡಬಹುದು. ಗಾಳಿಯಲ್ಲಿ ನೆಟ್ಟಗೆ ಆಡುವ ತೋಳು ಗಟ್ಟಿ ಮೇಜನ್ನು ಮುಟ್ಟಿದ ಕೂಡಲೇ ಗಡಗಡ ನಡುಗುವುದಕ್ಕೆ ಇದು ಒಂದು ಮುಖ್ಯ ಕಾರಣ. ಎಡ್ವರ್ಡ್ ಕೋಲ್ಗೇಟ್ ಮತ್ತು ಹೋಗನ್ 1988ರಲ್ಲಿ ಕೊಟ್ಟ ಉತ್ತರ ಶಕ್ತಿಯ ಲೆಕ್ಕಪತ್ರದ್ದು: ಯಂತ್ರವು ತನ್ನ ಸ್ಪರ್ಶಬಿಂದುವಿನಲ್ಲಿ ಪಡೆದ ಶಕ್ತಿಗಿಂತ ಹೆಚ್ಚನ್ನು ಎಂದೂ ಹಿಂತಿರುಗಿಸದಂತೆ ನಿಯಂತ್ರಕವನ್ನು ಕಟ್ಟಿದರೆ, ಎದುರಿಗಿರುವುದೂ ಹಾಗೆಯೇ ವರ್ತಿಸುವ ವಸ್ತುವಾಗಿದ್ದ ಪಕ್ಷದಲ್ಲಿ, ಅದು ಸ್ಪಂಜಾಗಿರಲಿ ಉಕ್ಕಾಗಿರಲಿ, ಕೂಡಿದ ವ್ಯವಸ್ಥೆ ಸ್ಥಿರವಾಗಿಯೇ ಇರುತ್ತದೆ.

ಇನ್ನು ಪ್ರಶ್ನೆಯ ಕೇಂದ್ರಕ್ಕೆ, ಅಂದರೆ ಡಿಕ್ಕಿಯಾದದ್ದು ಗೊತ್ತಾಗುವ ಬಗೆಗೆ ಬರೋಣ. ತೋಳಿನ ಪ್ರತಿಯೊಂದು ಭಾಗದ ದ್ರವ್ಯರಾಶಿ, ಉದ್ದ, ವೇಗ ಗೊತ್ತಿದ್ದರೆ ಅದನ್ನು ನಡೆಸಲು ಎಷ್ಟು ಬಲ ಬೇಕೆಂದು ನ್ಯೂಟನ್ನನ ನಿಯಮದಿಂದ ಲೆಕ್ಕ ಹಾಕಬಹುದು. ತೊಡಕಿರುವುದು ಆ ಲೆಕ್ಕಕ್ಕೆ ಬೇಕಾದ ವೇಗೋತ್ಕರ್ಷದಲ್ಲಿ, ಅಂದರೆ ವೇಗ ಬದಲಾಗುವ ದರದಲ್ಲಿ. ರೋಬೋಟಿನ ಕೀಲಿನಲ್ಲಿರುವ ಎನ್‌ಕೋಡರ್ ಅಳೆಯುವುದು ಕೋನವನ್ನು ಮಾತ್ರ. ಅದರಿಂದ ವೇಗೋತ್ಕರ್ಷ ಪಡೆಯಲು ಎರಡು ಸಲ ಅವಕಲನ (ಬದಲಾವಣೆಯ ದರದ ಲೆಕ್ಕ) ಮಾಡಬೇಕು, ಪ್ರತಿ ಸಲವೂ ಅಳತೆಯ ಸಣ್ಣಪುಟ್ಟ ತಪ್ಪುಗಳು ಹಿಗ್ಗುತ್ತವೆ. ರೋಮ್‌ನ ಸಪಿಯೆಂಝಾ ವಿಶ್ವವಿದ್ಯಾಲಯದ ಅಲೆಸ್ಸಾಂದ್ರೊ ದೆ ಲೂಕಾ ಮತ್ತು ಸಹೋದ್ಯೋಗಿಗಳು 2000ದ ದಶಕದಲ್ಲಿ ಇದಕ್ಕೊಂದು ಸೊಗಸಾದ ದಾರಿ ತೋರಿಸಿದರು. ವೇಗೋತ್ಕರ್ಷದ ಗೊಡವೆಗೇ ಹೋಗದೆ, ಸಂವೇಗವನ್ನು, ಅಂದರೆ ದ್ರವ್ಯರಾಶಿ ಮತ್ತು ವೇಗದ ಗುಣಲಬ್ಧವನ್ನು, ಹಿಂಬಾಲಿಸಿದರೆ ಸಾಕು. ಮೋಟಾರು ಹಾಕಿದ ಬಲ, ಗುರುತ್ವ, ಘರ್ಷಣೆ ಇವನ್ನೆಲ್ಲ ಕೂಡಿಸಿದರೆ ತೋಳಿನ ಸಂವೇಗ ಇಷ್ಟಿರಬೇಕು ಎಂಬ ಅಂದಾಜು ಸಿಗುತ್ತದೆ. ಎನ್‌ಕೋಡರಿನಿಂದ ತಿಳಿದ ವೇಗದ ಆಧಾರದ ಮೇಲೆ ನಿಜವಾದ ಸಂವೇಗ ಸಿಗುತ್ತದೆ. ಎರಡೂ ಹೊಂದದಿದ್ದರೆ ಉಳಿದ ಶೇಷವೇ ಹೊರಗಿನಿಂದ ಬಂದ ಬಲ. ಕೀಲುಗಳಲ್ಲಿ ತಿರುಚುವ ಬಲವನ್ನು ಅಳೆಯುವ ಟಾರ್ಕ್ ಸೆನ್ಸರ್ ಇದ್ದರೆ ಲೆಕ್ಕ ಹೆಚ್ಚು ಸೂಕ್ಷ್ಮವಾಗುತ್ತದೆ, ಇಲ್ಲದಿದ್ದರೆ ಮೋಟಾರಿನ ವಿದ್ಯುತ್ ಪ್ರವಾಹದಿಂದಲೂ ಸಾಧ್ಯ.

ಈ ಶೇಷ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಆರು ಕೀಲುಗಳ ತೋಳಿಗೆ ಮೂರನೆಯ ಕೊಂಡಿಯ (ಮೂರನೆಯ ಮತ್ತು ನಾಲ್ಕನೆಯ ಕೀಲುಗಳ ನಡುವಿನ ಭಾಗದ) ಮೇಲೆ ಯಾರಾದರೂ ತಗುಲಿದರೆ, ಬುಡದಿಂದ ಮೂರನೆಯವರೆಗಿನ ಕೀಲುಗಳಲ್ಲಿ ಮಾತ್ರ ಶೇಷ ಕಾಣಿಸಿಕೊಳ್ಳುತ್ತದೆ. ಅದರಾಚೆಯ ಮೂರು ಕೀಲುಗಳಿಗೆ ಸುದ್ದಿಯೇ ಮುಟ್ಟುವುದಿಲ್ಲ. ಹೀಗೆ ಚರ್ಮದಂಥ ಹೊದಿಕೆಯೊಂದೂ ಇಲ್ಲದೆ, ಪೆಟ್ಟು ಬಿದ್ದದ್ದು ಮೈಯ ಯಾವ ಭಾಗಕ್ಕೆ ಎಂಬುದೂ ಗೊತ್ತಾಗುತ್ತದೆ. ಗಂಟೆಗಟ್ಟಲೆ ಲೆಕ್ಕ ಹಾಕಿ ಪಡೆಯುವ ಫಲಿತಾಂಶ ಇದಲ್ಲ. ಇಂಥ ತೋಳುಗಳ ನಿಯಂತ್ರಕ ಸಾಮಾನ್ಯವಾಗಿ ಸೆಕೆಂಡಿಗೆ ನೂರಾರು, ಕೆಲವೊಮ್ಮೆ ಸಾವಿರ ಸಲ ಸುತ್ತು ಬರುತ್ತದೆ.

ಎಲ್ಲವೂ ಆ ಲೆಕ್ಕದ ಪ್ರಾಮಾಣಿಕತೆಯ ಮೇಲೆ ನಿಂತಿದೆ ಎಂಬುದನ್ನು ಮಾರಾಟಗಾರರು ಅಷ್ಟಾಗಿ ಹೇಳುವುದಿಲ್ಲ. ತೋಳು 3 ಕಿಲೋ ವಸ್ತುವನ್ನು ಹಿಡಿದಿದೆ, ಪ್ರೋಗ್ರಾಮಿನಲ್ಲಿ 1 ಕಿಲೋ ಎಂದು ನಮೂದಾಗಿದೆ ಎನ್ನೋಣ. ಆ 2 ಕಿಲೋ ವ್ಯತ್ಯಾಸ ಯಾರೋ ಸದಾ ಸುಮಾರು 20 ನ್ಯೂಟನ್ ಬಲದಿಂದ ಕೆಳಗೆ ಜಗ್ಗುತ್ತಿರುವಂತೆ ರೋಬೋಟಿಗೆ ತೋರುತ್ತದೆ. ಗಿಯರಿನ ಗ್ರೀಸ್ ತಣ್ಣಗಿದ್ದಾಗ ಘರ್ಷಣೆ ಒಂದು ಬಗೆ, ಬಿಸಿಯಾದ ಮೇಲೆ ಇನ್ನೊಂದು ಬಗೆ. ಶೇಷ ಎಷ್ಟು ದಾಟಿದರೆ ನಿಲ್ಲಬೇಕೆಂಬ ಮಿತಿಯನ್ನು ಬಿಗಿಯಾಗಿಟ್ಟರೆ ರೋಬೋಟು ಕಾರಣವಿಲ್ಲದೆ ಪದೇ ಪದೇ ನಿಲ್ಲುತ್ತದೆ. ಬೇಸತ್ತ ಮೇಲ್ವಿಚಾರಕರು ಮಿತಿಯನ್ನು ಸಡಿಲಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಿಜವಾದ ಅಪಾಯ ಹುಟ್ಟುವುದು ಗಣಿತದಲ್ಲಲ್ಲ, ಈ ಸಡಿಲಿಕೆಯಲ್ಲಿ.

ಡಿಕ್ಕಿ ಗೊತ್ತಾದ ಮೇಲೆ ಏನು ಮಾಡಬೇಕೆಂಬುದೂ ಸಂಶೋಧನೆಯ ವಿಷಯವಾಗಿಯೇ ಉಳಿಯಿತು. ಬ್ರೇಕ್ ಹಾಕಿ ನಿಂತುಬಿಡುವುದು ಸಹಜವೆಂದು ತೋರುತ್ತದೆ, ಆದರೆ ಕೈ ಸಿಕ್ಕಿಕೊಂಡವನಿಗೆ ಅದು ಶಿಕ್ಷೆ. ಅದಕ್ಕೆ ಬದಲಾಗಿ ತೋಳು ತನ್ನ ಭಾರವನ್ನಷ್ಟೇ ತಾನು ಹೊತ್ತು, ತಳ್ಳಿದತ್ತ ಹಗುರವಾಗಿ ಸರಿಯುವ ಸ್ಥಿತಿಗೆ ಹೋಗಬೇಕು, ಅಥವಾ ಶೇಷ ತೋರಿಸಿದ ದಿಕ್ಕಿಗೆ ಹಿಂಜರಿಯಬೇಕು. ದೆ ಲೂಕಾ ಅವರು ಜರ್ಮನಿಯ ಅಂತರಿಕ್ಷ ಸಂಸ್ಥೆ ಡಿಎಲ್‌ಆರ್‌ನ ಸಂಶೋಧಕರೊಂದಿಗೆ 2006ರಲ್ಲಿ ಅಲ್ಲಿನ ಹಗುರ ತೋಳಿನ ಮೇಲೆ ಈ ಪ್ರತಿಕ್ರಿಯೆಗಳನ್ನು ಪರೀಕ್ಷಿಸಿದರು.

ಎಷ್ಟು ಚುರುಕಾದ ನಿಯಂತ್ರಕವಾದರೂ ಮೊದಲ ಕೆಲವು ಮಿಲಿಸೆಕೆಂಡುಗಳ ಪೆಟ್ಟನ್ನು ತಡೆಯಲಾರದು; ಅಷ್ಟರೊಳಗೆ ತಗಲುವುದೆಲ್ಲ ಯಂತ್ರದ ಮೈಯಿಂದಲೇ ಬರುತ್ತದೆ. ಇಲ್ಲಿ ಗಿಯರಿನ ಪಾತ್ರ ದೊಡ್ಡದು. ಮೋಟಾರಿನ ವೇಗವನ್ನು ನೂರು ಪಟ್ಟು ಇಳಿಸುವ ಗಿಯರ್ ಇದ್ದರೆ, ಮೋಟಾರಿನ ಒಳಗೆ ಗಿರಗಿರ ತಿರುಗುವ ರೋಟರಿನ ಜಡತ್ವ ಹೊರಗಿನವನಿಗೆ ನೂರರ ವರ್ಗ, ಅಂದರೆ ಹತ್ತು ಸಾವಿರ ಪಟ್ಟು ಹೆಚ್ಚಾಗಿ ತಗಲುತ್ತದೆ. ಎಂಐಟಿಯ ಗಿಲ್ ಪ್ರ್ಯಾಟ್ ಮತ್ತು ಮ್ಯಾಥ್ಯೂ ವಿಲಿಯಮ್ಸನ್ 1995ರಲ್ಲಿ ಗಿಯರಿಗೂ ತೋಳಿಗೂ ನಡುವೆ ನಿಜವಾದ ಒಂದು ಸ್ಪ್ರಿಂಗನ್ನೇ ಕೂರಿಸಿ, ಈ ಜಡತ್ವ ಪೆಟ್ಟಿನ ಕ್ಷಣದಲ್ಲಿ ನೇರವಾಗಿ ಹಾಯದಂತೆ ಮಾಡಿದರು. ಸ್ಪ್ರಿಂಗ್ ಎಷ್ಟು ಬಾಗಿತೆಂದು ಅಳೆದರೆ ಬಲವೂ ತಿಳಿಯುತ್ತದೆ. ಇತರರು ತೋಳನ್ನೇ ಹಗುರಗೊಳಿಸಿದರು. ಸದರ್ನ್ ಡೆನ್ಮಾರ್ಕ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸುತ್ತಿದ್ದವರು 2005ರಲ್ಲಿ ಓಡೆನ್ಸ್ ನಗರದಲ್ಲಿ ಕಟ್ಟಿದ ಯೂನಿವರ್ಸಲ್ ರೋಬೋಟ್ಸ್ ಕಂಪನಿಯ ಯುಆರ್5 ತೋಳಿನ ತೂಕ 18.4 ಕಿಲೋ, ಅದು ಎತ್ತುವ ಭಾರ 5 ಕಿಲೋ.

ಪೆಟ್ಟು ಎಷ್ಟರವರೆಗೆ ಸಹ್ಯ ಎಂಬುದನ್ನು ಜರ್ಮನಿಯ ಮೈಂಝ್ ವಿಶ್ವವಿದ್ಯಾಲಯದಲ್ಲಿ ಆರೋಗ್ಯವಂತ 100 ವಯಸ್ಕರ ದೇಹದ 29 ಜಾಗಗಳಲ್ಲಿ ಅಳೆದರು: ಒತ್ತುತ್ತಾ ಹೋದಂತೆ ಒತ್ತಡ ನೋವಾಗಿ ಮಾರ್ಪಡುವುದು ಎಲ್ಲಿ ಎಂಬ ಪರೀಕ್ಷೆ ಅದು. ಆ ಅಳತೆಗಳು ಮನುಷ್ಯರ ಜೊತೆ ದುಡಿಯುವ ರೋಬೋಟುಗಳ ಸುರಕ್ಷತೆ ಕುರಿತ 2016ರ ಐಎಸ್‌ಒ/ಟಿಎಸ್ 15066 ಎಂಬ ಅಂತರರಾಷ್ಟ್ರೀಯ ದಾಖಲೆಯ ಕೋಷ್ಟಕದಲ್ಲಿ ಸೇರಿವೆ. ಅದೇ ಕೋಷ್ಟಕದಲ್ಲಿ ಒತ್ತಿ ಹಿಡಿಯುವ ಬಲದ ಮಿತಿಯೂ ಇದೆ: ಕೈ ಮತ್ತು ಬೆರಳಿಗೆ 140 ನ್ಯೂಟನ್, ಹೊಟ್ಟೆಗೆ 110, ಮುಖಕ್ಕೆ 65. ಮೈಯ ಬೇರೆ ಭಾಗಗಳಿಗೆ ಕ್ಷಣಮಾತ್ರದ ತಗಲುವಿಕೆಯಲ್ಲಿ ಇದರ ಎರಡು ಪಟ್ಟು ಇರಬಹುದು. ತಲೆಗೂ ಮುಖಕ್ಕೂ ಆ ರಿಯಾಯಿತಿ ಇಲ್ಲ. ಡಿಎಲ್‌ಆರ್‌ನ ಸಾಮಿ ಹದ್ದಾದಿನ್ ಮತ್ತು ಸಂಗಡಿಗರು ಕಾರುಗಳ ಅಪಘಾತ ಪರೀಕ್ಷೆಗೆ ಬಳಸುವ ಗೊಂಬೆಗಳಿಗೆ ರೋಬೋಟುಗಳನ್ನು ಡಿಕ್ಕಿ ಹೊಡೆಸಿದಾಗ ತಿಳಿದುಬಂದದ್ದು ಕುತೂಹಲಕರ: ತಲೆ ಹಿಂದಕ್ಕೆ ಸರಿಯಲು ಜಾಗವಿದ್ದರೆ ಸೆಕೆಂಡಿಗೆ 2 ಮೀಟರ್ ವೇಗದ ಮೊಂಡು ಪೆಟ್ಟು ಪ್ರಾಣಾಂತಿಕವಾಗುವುದಿಲ್ಲ, ಆದರೆ ಹಿಂದೆ ಗೋಡೆಯಿದ್ದರೆ ಇಡೀ ಲೆಕ್ಕ ಬದಲಾಗುತ್ತದೆ.

ಕ್ಯಾಮೆರಾ ಮತ್ತು ಲೇಸರ್ ಸ್ಕ್ಯಾನರುಗಳು ಬಳಕೆಯಲ್ಲಿಲ್ಲವೆಂದಲ್ಲ. ಭಾರೀ ತೋಳುಗಳ ಸುತ್ತ ಅವನ್ನಿಟ್ಟು, ಮನುಷ್ಯ ಹತ್ತಿರ ಬಂದಷ್ಟೂ ವೇಗ ತಗ್ಗಿಸಿ ಕೊನೆಗೆ ನಿಲ್ಲಿಸುವ ವಿಧಾನವೂ ಅದೇ ದಾಖಲೆಯಲ್ಲಿದೆ. ಅಲ್ಲಿ ಮನುಷ್ಯ ಸೆಕೆಂಡಿಗೆ 1.6 ಮೀಟರ್ ವೇಗದಲ್ಲಿ ಎದುರು ಬರುತ್ತಿದ್ದಾನೆಂದು ಭಾವಿಸಿ ಅಂತರ ನಿಗದಿ ಮಾಡುತ್ತಾರೆ. ಅದು ಡಿಕ್ಕಿಯನ್ನು ತಪ್ಪಿಸುವ ವಿದ್ಯೆ. ಈವರೆಗೆ ಹೇಳಿದ್ದು ಡಿಕ್ಕಿಯಾದರೂ ಗಾಯವಾಗದಂತೆ ನೋಡಿಕೊಳ್ಳುವ ವಿದ್ಯೆ.

ತೋಳಿನ ತುದಿಯಲ್ಲಿ ಏನಿದೆ ಎಂಬುದನ್ನು ಮಾತ್ರ ಈ ಯಾವ ಲೆಕ್ಕವೂ ನೋಡುವುದಿಲ್ಲ. ಅಗಲವಾದ ರಬ್ಬರ್ ಹಿಡಿಕೆ ಒತ್ತಿದಾಗ ಏನೂ ಆಗದ ಬಲ, ಚಾಕುವಿನ ಅಲಗಿನಲ್ಲಿ ಮಾಂಸವನ್ನು ಸೀಳುತ್ತದೆ. ಹದ್ದಾದಿನ್ ಅವರ ತಂಡ ಹಂದಿಯ ಕಾಲಿನ ಮೇಲೆ ಚಾಕು, ಸ್ಕ್ರೂಡ್ರೈವರುಗಳಿಂದ ಅದನ್ನೂ ಪರೀಕ್ಷಿಸಿ ತೋರಿಸಿದೆ. ಆದ್ದರಿಂದ ಬೇಲಿ ತೆಗೆಯಬಹುದೇ ಎಂಬ ತೀರ್ಮಾನವನ್ನು ರೋಬೋಟಿನ ಮಾಡೆಲ್ ನೋಡಿ ಮಾಡಲಾಗದು. ಅದು ಹಿಡಿದಿರುವ ಉಪಕರಣ, ಎತ್ತುವ ವಸ್ತುವಿನ ಅಂಚು, ಅದರ ವೇಗ, ಕೆಲಸಗಾರನ ಬೆನ್ನ ಹಿಂದೆ ಇರುವ ಜಾಗ ಇಷ್ಟನ್ನೂ ಆಯಾ ಕಾರ್ಖಾನೆಯಲ್ಲೇ ಅಳೆದು ನೋಡಬೇಕಾಗುತ್ತದೆ.