ಶ್ರುತಿ ಏರುವುದು ಬೇರೆ, ದನಿ ಜೋರಾಗುವುದು ಬೇರೆ

ಜಗಳ ಜೋರಾದರೆ ಅದು ತಾರಕಕ್ಕೇರಿತು ಅನ್ನುತ್ತೇವೆ. ದಿನದ ಮಾತಿನಲ್ಲಿ ಇದು ಸರಿಯೇ. ಆದರೆ ಸಂಗೀತ ಕೇಳುವಾಗಲೂ ಇದೇ ಅರ್ಥ ತಲೆಯಲ್ಲಿದ್ದರೆ ತೊಂದರೆ. ಸ್ವರಗಳ ಒಂದು ಸುತ್ತಿಗೆ ಸ್ಥಾಯಿ ಅನ್ನುತ್ತಾರೆ: ಕೆಳಗಿನದು ಮಂದ್ರ, ನಡುವಿನದು ಮಧ್ಯ, ಮೇಲಿನದು ತಾರ. ತಾರ ಸ್ಥಾಯಿ ಅಂದರೆ ಜೋರು ದನಿ ಅಲ್ಲ, ಹೆಚ್ಚು ವೇಗದ ಕಂಪನ. ಗಾಯಕರ ಮಧ್ಯ ಷಡ್ಜ, ಅಂದರೆ ನಡುವಿನ ಸ್ಥಾಯಿಯ 'ಸ', ಸೆಕೆಂಡಿಗೆ 140 ಸಲ ಕಂಪಿಸುತ್ತದೆ ಅನ್ನೋಣ. ಆಗ ತಾರ ಷಡ್ಜ 280 ಸಲ, ಮಂದ್ರ ಷಡ್ಜ 70 ಸಲ ಕಂಪಿಸುತ್ತದೆ. ದನಿ ಎಷ್ಟು ಜೋರು ಅನ್ನುವುದು ಕಂಪನ ಎಷ್ಟು ಬಲವಾಗಿದೆ ಎಂಬುದಕ್ಕೆ ಸೇರಿದ್ದು. ತಾರ ಷಡ್ಜವನ್ನು ಪಿಸುಮಾತಿನಷ್ಟು ಮೆಲ್ಲಗೂ ಹಾಡಬಹುದು.

ಇವೆರಡು ನಮ್ಮ ಮಾತಿನಲ್ಲಿ ಕಲಸಿಹೋಗಲು ಕಾರಣ ನಮ್ಮ ಗಂಟಲೇ. ಕೂಗಿದಾಗ ಶ್ವಾಸಕೋಶದಿಂದ ಗಾಳಿ ಒತ್ತಿ ಬರುತ್ತದೆ. ಧ್ವನಿತಂತುಗಳು ಜಾಸ್ತಿ ಬಲದಿಂದ ಕಂಪಿಸುತ್ತವೆ, ಜೊತೆಗೆ ಜಾಸ್ತಿ ವೇಗದಿಂದಲೂ ಕಂಪಿಸುತ್ತವೆ. ಹಾಗಾಗಿ ಜೋರಾದ ಮಾತು ತಾನಾಗಿಯೇ ಎತ್ತರಕ್ಕೂ ಹೋಗುತ್ತದೆ. ವರ್ಷಗಟ್ಟಲೆ ಸಾಧನೆ ಮಾಡಿದವರು ಈ ಎರಡನ್ನು ಬಿಡಿಸಿಕೊಂಡಿರುತ್ತಾರೆ. ಮೇಲಿನ ಷಡ್ಜಕ್ಕೆ ಹೋಗಿ, ಅಲ್ಲೇ ನಿಂತು, ದನಿಯನ್ನು ಮಾತ್ರ ಇಳಿಸುತ್ತಾ ಬರುವುದು ನಿಜಕ್ಕೂ ಕಷ್ಟದ ಕೆಲಸ.

ಎಲೆಕ್ಟ್ರಾನಿಕ್ ತಂಬೂರಿಯಲ್ಲಿ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಶ್ರುತಿಗೆ, ಅಂದರೆ ಸ್ವರದ ಎತ್ತರಕ್ಕೆ, ಒಂದು ಗುಂಡಿ, ದನಿಗೆ ಇನ್ನೊಂದು. "ಸ್ವಲ್ಪ ಶ್ರುತಿ ಜಾಸ್ತಿ ಮಾಡಿ" ಅಂದರೆ ಯಾವುದನ್ನು ತಿರುಗಿಸಬೇಕು? ಹೇಳಿದವರಿಗೆ ತಂಬೂರಿ ಇನ್ನಷ್ಟು ಕೇಳಿಸಬೇಕಿತ್ತು ಅಷ್ಟೇ. ಮೊದಲನೆಯ ಗುಂಡಿ ತಿರುಗಿಸಿದರೆ ಇಡೀ ಕಛೇರಿಯ ಆಧಾರವೇ ಕದಲಿಬಿಡುತ್ತದೆ.

ಶ್ರುತಿ ಎಂಬ ಮಾತಿಗೇ ಎರಡು ಅರ್ಥ ಇದೆ. ಒಂದು, ಗಾಯಕರು ತಮ್ಮ ಕಂಠಕ್ಕೆ ಹೊಂದುವಂತೆ ಆರಿಸಿಕೊಂಡ ಆಧಾರ ಷಡ್ಜ. ಪಾಶ್ಚಾತ್ಯ ವಾದ್ಯಗಳ 'ಎ' ಸ್ವರಕ್ಕೆ 440 ಹರ್ಟ್ಜ್ (ಸೆಕೆಂಡಿಗೆ 440 ಕಂಪನ) ಎಂಬ ಅಂತಾರಾಷ್ಟ್ರೀಯ ಅಳತೆ ಇದೆ. ನಮ್ಮ ಷಡ್ಜಕ್ಕೆ ಅಂಥ ಕಟ್ಟುಪಾಡಿಲ್ಲ. ಇನ್ನೊಂದು ಅರ್ಥ ನಾಟ್ಯಶಾಸ್ತ್ರದ ಕಾಲದ್ದು. ಅಲ್ಲಿ ಒಂದು ಸ್ಥಾಯಿಯನ್ನು 22 ಸಣ್ಣ ಅಂತರಗಳಾಗಿ ನೋಡಿದರು, ಅವಕ್ಕೂ ಶ್ರುತಿ ಎಂದೇ ಹೆಸರು. ಶ್ರುತಿಪೆಟ್ಟಿಗೆಗೂ ಈ 22ಕ್ಕೂ ಗಂಟು ಹಾಕಬಾರದು.

ಶ್ರುತಿ ಸೇರುವುದನ್ನು ಒಮ್ಮೆ ಹತ್ತಿರದಿಂದ ಕೇಳಬೇಕು. ತಂಬೂರಿಯ ನಡುವಿನ ಎರಡು ತಂತಿಗಳನ್ನು ಒಂದೇ ಷಡ್ಜಕ್ಕೆ ಕೂಡಿಸುತ್ತಾರೆ. ಒಂದು 140 ಸಲ, ಇನ್ನೊಂದು 143 ಸಲ ಕಂಪಿಸುತ್ತಿದ್ದರೆ ಎರಡೂ ಒಟ್ಟಿಗೆ ನುಡಿದಾಗ ದನಿ ಸೆಕೆಂಡಿಗೆ ಮೂರು ಸಲ ಉಬ್ಬಿ ಇಳಿಯುತ್ತದೆ. ಎರಡರ ನಡುವಿನ ವ್ಯತ್ಯಾಸವೇ ಆ ಅಲೆ. ಮಣಿಯನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋದಂತೆ ಅಲೆ ನಿಧಾನವಾಗುತ್ತದೆ, ಕೊನೆಗೆ ನಿಂತೇಹೋಗುತ್ತದೆ. ಸಂಗೀತ ಬಾರದವರ ಕಿವಿಗೂ ಇದು ಸಿಗುತ್ತದೆ.

ಇಲ್ಲೇ ಇನ್ನೊಂದು ತಪ್ಪು ತಿದ್ದಿಬಿಡಬೇಕು. ಅನ್ಯಸ್ವರ ಅಂದರೆ ಅಪಸ್ವರ ಅಲ್ಲ. ಅಪಸ್ವರ ದೋಷ. ಅನ್ಯಸ್ವರ ರಾಗದ ಒಪ್ಪಿಗೆ ಪಡೆದೇ ಬರುವ ಹೊರಗಿನ ಸ್ವರ. ಕಾಂಭೋಜಿ ರಾಗದಲ್ಲಿ ಇರುವುದು ಕೈಶಿಕಿ ನಿಷಾದ, ಅಂದರೆ 'ನಿ' ಸ್ವರದ ತಗ್ಗಿನ ರೂಪ. ಆದರೂ ಕೆಲವು ಸಂಚಾರಗಳಲ್ಲಿ ಅದಕ್ಕಿಂತ ಎತ್ತರದ ಕಾಕಲಿ ನಿಷಾದ ಬರುತ್ತದೆ. ಅದು ಬಂದಾಗಲೇ ಕಾಂಭೋಜಿಗೆ ಇನ್ನಷ್ಟು ಕಳೆ.

ತಾಳ, ಲಯ, ಕಾಲ ಈ ಮೂರನ್ನಂತೂ ಒಂದರ ಬದಲು ಇನ್ನೊಂದನ್ನು ಹೇಳುವವರೇ ಜಾಸ್ತಿ. ಹಾಡು ಚುರುಕಾಯಿತು ಅನ್ನಿಸಿದ ಕೂಡಲೇ "ತಾಳ ಜೋರಾಯ್ತು" ಅನ್ನುತ್ತಾರೆ. ಸರಳೆ ವರಸೆ ಎಂಬ ಮೊದಲ ಪಾಠ ಕಲಿಯುವ ಮಗುವಿನ ಕೈ ನೋಡಿ. ಆದಿತಾಳ, ಎಂಟು ಎಣಿಕೆ. ಒಂದು ಏಟು, ಮೂರು ಬೆರಳು, ಆಮೇಲೆ ಎರಡು ಸಲ ಏಟು ಮತ್ತು ಬೀಸು. ಒಂದನೇ ಕಾಲದಲ್ಲಿ ಎಣಿಕೆಗೆ ಒಂದು ಸ್ವರ, ಎರಡನೇ ಕಾಲದಲ್ಲಿ ಎರಡು, ಮೂರನೇ ಕಾಲದಲ್ಲಿ ನಾಲ್ಕು. ಬಾಯಿಯ ವೇಗ ನಾಲ್ಕರಷ್ಟಾಗಿದೆ. ಕೈ ಮಾತ್ರ ಮೊದಲಿನ ನಡೆಯಲ್ಲೇ ಇದೆ. ಕೈಯ ಆ ಎಂಟರ ಸುತ್ತು ತಾಳ. ಎರಡು ಎಣಿಕೆಗಳ ನಡುವಿನ ಸಮನಾದ ಬಿಡುವು ಲಯ. ಬದಲಾದದ್ದು ಕಾಲ. ಮಗುವಿನ ಕೈ ಬಾಯಿಯ ಜೊತೆ ಓಡತೊಡಗಿದರೆ ಮೇಷ್ಟರು ತಡೆಯುವುದು ಇದಕ್ಕೇ.

ದ್ರುತ ಎಂಬ ಪದಕ್ಕೆ ಕರ್ನಾಟಕ ಸಂಗೀತದಲ್ಲಿ ಎರಡು ಎಣಿಕೆಯ ತಾಳದ ಅಂಗ ಎಂದರ್ಥ, ಹಿಂದೂಸ್ತಾನಿಯಲ್ಲಿ ವೇಗದ ಲಯ. ಯಾವ ಪದ್ಧತಿಯ ಮಾತು ನಡೆದಿದೆ ಎಂದು ನೋಡಿಕೊಂಡರೆ ಸಾಕು.

ಕೊನೆಗೆ ರಾಗ. ಆರೋಹಣ ಅವರೋಹಣ, ಅಂದರೆ ಸ್ವರಗಳು ಏರುವ ಇಳಿಯುವ ಕ್ರಮ, ಗೊತ್ತಾದರೆ ರಾಗ ಗೊತ್ತಾಯಿತು ಎಂಬ ನಂಬಿಕೆ ಈಗ ತುಂಬಾ ಹರಡಿದೆ. ನನಗೆ ಎಲ್ಲಕ್ಕಿಂತ ಬೇಸರ ಇದರದ್ದೇ. ಹಿಂದೂಸ್ತಾನಿಯ ಭೂಪಾಲಿ, ದೇಶ್‌ಕಾರ್ ಎರಡಕ್ಕೂ ಸರಿಗಪದ ಎಂಬ ಅವೇ ಐದು ಸ್ವರಗಳು. ಹಾರ್ಮೋನಿಯಂನಲ್ಲಿ ಒತ್ತುವ ಮನೆಗಳೂ ಅವೇ. ಆದರೆ ಭೂಪಾಲಿ ಗಾಂಧಾರದ (ಗ) ಮೇಲೆ ನೆಲೆ ನಿಲ್ಲುತ್ತದೆ, ಸಂಜೆ ಕಳೆದ ಮೇಲೆ ಹಾಡುತ್ತಾರೆ. ದೇಶ್‌ಕಾರ್‌ಗೆ ಧೈವತವೇ (ದ) ಜೀವ, ಓಡಾಟ ಜಾಸ್ತಿ ಮೇಲಿನ ಅರ್ಧದಲ್ಲಿ, ಹಾಡುವುದು ಬೆಳಗ್ಗೆ. ಸ್ವರಗಳ ಪಟ್ಟಿಯೊಂದನ್ನೇ ಹಿಡಿದು ನೋಡಿದರೆ ಎರಡೂ ಒಂದೇ. ಧೈವತದ ಮೇಲೆ ಗಾಯಕರು ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಗಮನಿಸಿದರೆ ಯಾವ ರಾಗ ಎಂಬುದು ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ.