ತೇರು ಎಳೆಯುವ ಹಗ್ಗ ಮತ್ತು ನನ್ನ ಕ್ಯಾಮೆರಾ ಸ್ಲೈಡರ್

ಕಾಪು ಬೀಚಿನ ಬಂಡೆ ಮೇಲೆ ಮನೆಯಲ್ಲೇ ಮಾಡಿದ ಸ್ಲೈಡರ್ ಇಟ್ಟು ಮೊದಲ ವಿಡಿಯೋ ತೆಗೆದ ಸಂಜೆ ತುಂಬಾ ಖುಷಿಯಲ್ಲಿದ್ದೆ. ಮೋಟಾರು ತಿರುಗಿತು, ಬೆಲ್ಟು ಎಳೆಯಿತು, ಕ್ಯಾಮೆರಾ ಎರಡಡಿ ಉದ್ದಕ್ಕೂ ನಿಧಾನವಾಗಿ ಸರಿಯಿತು. ಮನೆಗೆ ಬಂದು ದೊಡ್ಡ ಸ್ಕ್ರೀನಿನಲ್ಲಿ ನೋಡಿದೆ. 1901ರಿಂದ ಗಟ್ಟಿಯಾಗಿ ನಿಂತಿರುವ ಲೈಟ್‌ಹೌಸ್ ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು.

ವಿಡಿಯೋ ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು. "ಮೋಟಾರಿಗೆ ಪವರ್ ಸಾಲದು ಮಾರಾಯ್ರೆ, ದೊಡ್ಡದು ಹಾಕಿ." ಈ ಸಲಹೆ ಎಷ್ಟು ಸಹಜವೋ ಅಷ್ಟೇ ತಪ್ಪು. ನಿಧಾನವಾಗಿ ಹೋಗುವುದು ಸುಲಭ, ಜೋರಾಗಿ ಹೋಗುವುದು ಕಷ್ಟ ಅಂತ ನಾವೆಲ್ಲ ನಂಬಿಕೊಂಡಿದ್ದೇವೆ. ಯಂತ್ರಕ್ಕೆ ವಿಷಯ ತಿರುಗುಮುರುಗು. ಸೆಕೆಂಡಿಗೆ ಒಂದಡಿ ಓಡು ಅಂದರೆ ಯಾವ ಮೋಟಾರೂ ಓಡುತ್ತದೆ. ಸೆಕೆಂಡಿಗೆ ಒಂದು ಮಿಲಿಮೀಟರ್ ಹೋಗು, ಎಲ್ಲೂ ನಿಲ್ಲಬೇಡ, ಎಲ್ಲೂ ಹಾರಬೇಡ ಅಂದಾಗ ಅದರ ನಿಜವಾದ ಪರೀಕ್ಷೆ ಶುರುವಾಗುತ್ತದೆ.

ಉಡುಪಿ ರಥಬೀದಿಯಲ್ಲಿ ತೇರು ಎಳೆಯುವುದನ್ನು ನೋಡಿದ್ದೀರಲ್ಲ? ಜನ ಹಗ್ಗ ಹಿಡಿದು ಎಳೆಯುತ್ತಾರೆ. ಹಗ್ಗ ಬಿಗಿಯಾಗುತ್ತದೆ, ಇನ್ನೂ ಬಿಗಿಯಾಗುತ್ತದೆ, ತೇರು ಮಾತ್ರ ಅಲ್ಲಾಡುವುದಿಲ್ಲ. ಆಮೇಲೆ ಒಮ್ಮೆಲೇ ಗಡಗಡ ಅಂತ ಹೊರಟುಬಿಡುತ್ತದೆ. ಹಗ್ಗ ಸಡಿಲವಾಗಿ ಮುಂದಿದ್ದವರು ಮುಗ್ಗರಿಸುತ್ತಾರೆ. ಹಗ್ಗ ಸಡಿಲವಾದ್ದರಿಂದ ತೇರು ಮತ್ತೆ ನಿಲ್ಲುತ್ತದೆ. ಮತ್ತೆ ಎಳೆತ, ಮತ್ತೆ ಜಿಗಿತ. ತೇರು ಹೀಗೆ ನಿಂತಾಗ ಅಪಶಕುನ ಅನ್ನುವವರು, ಯಾರೋ ಮೈಲಿಗೆಯಲ್ಲಿ ಹಗ್ಗ ಮುಟ್ಟಿದ್ದಾರೆ ಅಂತ ಪಿಸುಗುಡುವವರು ಈಗಲೂ ಇದ್ದಾರೆ. ಆ ಮಾತು ಕೇಳಿದರೆ ನನಗೆ ನಿಜವಾಗಿ ನೋವಾಗುತ್ತದೆ, ಯಾಕೆಂದರೆ ಅದರಿಂದ ಯಾರದ್ದೋ ಒಬ್ಬರ ಕೈ ಹಗ್ಗದಿಂದ ದೂರವಾಗುತ್ತದೆ. ತೇರು ನಿಲ್ಲುವುದು ಘರ್ಷಣೆಯಿಂದ. ಮುಟ್ಟಿದವರು ಯಾರು ಅನ್ನುವುದು ಅಚ್ಚಿಗೂ ಚಕ್ರಕ್ಕೂ ಗೊತ್ತಾಗುವುದಿಲ್ಲ.

ನಿಂತ ವಸ್ತುವನ್ನು ಹೊರಡಿಸಲು ಜಾಸ್ತಿ ಬಲ ಬೇಕು, ಹೊರಟಮೇಲೆ ಕಡಿಮೆ ಸಾಕು. ಈ ಎರಡು ಬಲಗಳ ನಡುವೆ ವ್ಯತ್ಯಾಸ ಇದ್ದು, ಎಳೆಯುವ ಕೈಗೂ ವಸ್ತುವಿಗೂ ಮಧ್ಯೆ ಸ್ಪ್ರಿಂಗಿನ ಹಾಗೆ ಹಿಗ್ಗುವ ಏನಾದರೂ ಒಂದು ಇದ್ದರೆ ಸಾಕು, ಜಿಗಿತ ಹುಟ್ಟುತ್ತದೆ. ತೇರಿಗೆ ಹಗ್ಗವೇ ಸ್ಪ್ರಿಂಗ್. ನನ್ನ ಸ್ಲೈಡರಿಗೆ ರಬ್ಬರ್ ಬೆಲ್ಟು. ಹಳೇ ಬಾಗಿಲಿನ ಕಿರ್ರ್ ಅನ್ನುವ ಸದ್ದು ಕೂಡ ಇದೇ, ಪಿಟೀಲಿನ ನಾದವೂ ಇದೇ. ಕಮಾನು ತಂತಿಯನ್ನು ಹಿಡಿದೆಳೆದು ಬಿಡುತ್ತದೆ, ಮತ್ತೆ ಹಿಡಿಯುತ್ತದೆ, ಸೆಕೆಂಡಿಗೆ ನೂರಾರು ಸಲ.

ಇದನ್ನು ಮೊದಲು ಶ್ರದ್ಧೆಯಿಂದ ಅಳೆದವರಲ್ಲಿ ಫ್ರಾನ್ಸಿನ ಕೂಲಂಬ್ ಒಬ್ಬ. ವಿದ್ಯುತ್ತಿನ ಪಾಠದಲ್ಲಿ ಬರುವ ಅದೇ ಕೂಲಂಬ್. ರೋಶ್‌ಫೋರ್ ಹಡಗುಕಟ್ಟೆಯಲ್ಲಿ ಮರದ ಮೇಲೆ ಮರ ಜಾರಿಸಿ ಪ್ರಯೋಗ ಮಾಡಿದ. ಮಲ್ಪೆಯಲ್ಲಿ ಬೋಟು ನೀರಿಗಿಳಿಸುವುದನ್ನು ನೋಡಿದವರಿಗೆ ಅವನ ಕಷ್ಟ ಅರ್ಥವಾಗುತ್ತದೆ. ಅವನು ಕಂಡ ಒಂದು ಸಂಗತಿ ನನಗೆ ತುಂಬಾ ಇಷ್ಟ. ಎರಡು ಮೇಲ್ಮೈಗಳು ಜಾಸ್ತಿ ಹೊತ್ತು ತಾಗಿಕೊಂಡು ನಿಂತಷ್ಟೂ ಅವುಗಳ ಹಿಡಿತ ಜಾಸ್ತಿಯಾಗುತ್ತದೆ! ಕಣ್ಣಿಗೆ ನುಣುಪು ಕಂಡರೂ ಒಳಗೆ ಅವು ಗುಡ್ಡಗಳೇ. ಗುಡ್ಡದ ತುದಿಗೆ ತುದಿ ತಾಗಿರುತ್ತದೆ, ಹೊತ್ತು ಹೋದ ಹಾಗೆ ಆ ತುದಿಗಳು ಮೆಲ್ಲಗೆ ಅಮುಕಿ ಅಗಲವಾಗುತ್ತವೆ. ನಿಧಾನವಾಗಿ ಹೋಗುವುದು ಯಾಕೆ ಕಷ್ಟ ಅಂತ ಈಗ ಹೊಳೆಯಿತಲ್ವಾ? ನಿಧಾನ ಅಂದರೆ ಪ್ರತಿ ತುದಿಗೂ ಅಂಟಿಕೊಳ್ಳಲು ಜಾಸ್ತಿ ಸಮಯ.

ಭೂಕಂಪ ಕೂಡ ಇದೇ ಬಗೆಯ ಜಿಗಿತ ಇರಬೇಕು ಅಂತ 1966ರಲ್ಲಿ ಬ್ರೇಸ್ ಮತ್ತು ಬೈಯರ್ಲಿ ಎಂಬ ವಿಜ್ಞಾನಿಗಳು ಹೇಳಿದರು. ನೆಲದ ಫಲಕಗಳು ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಸರಿಯುತ್ತವೆ, ಸುಮಾರು ನಮ್ಮ ಉಗುರು ಬೆಳೆಯುವ ವೇಗದಲ್ಲಿ. ಅಂಚಿನಲ್ಲಿ ಕಲ್ಲು ಕಚ್ಚಿಕೊಳ್ಳುತ್ತದೆ, ಒತ್ತಡ ಕೂಡುತ್ತದೆ, ಒಂದು ದಿನ ಜಾರುತ್ತದೆ. ಅಷ್ಟು ನಿಧಾನದ ಚಲನೆಯೇ, ಒಮ್ಮೆ ನಮ್ಮ ನೆಲಕ್ಕೆ ಅಂಟಿಕೊಂಡಿದ್ದ ಮಡಗಾಸ್ಕರ್ ದ್ವೀಪವನ್ನು ನಮ್ಮಿಂದ ಅಷ್ಟು ದೂರ ಒಯ್ದಿದ್ದು. ಸುಮಾರು 8.8 ಕೋಟಿ ವರ್ಷದ ಹಿಂದೆ ಅದು ಬೇರೆಯಾಗುವಾಗ ಉಕ್ಕಿದ ಲಾವಾ ಮಲ್ಪೆಯ ಎದುರು ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬ ಕಂಬವಾಗಿ ನಿಂತಿದೆ.

ಇನ್ನು ಮೋಟಾರಿಗೆ ಬರೋಣ. ಇಂಥ ಕೆಲಸಕ್ಕೆ ಹಾಕುವುದು ಸ್ಟೆಪ್ಪರ್ ಮೋಟಾರು. 3ಡಿ ಪ್ರಿಂಟರಿನೊಳಗೆ ಇರುವುದೂ ಇದೇ. ಒಳಗಿನ ತಿರುಗುವ ಭಾಗಕ್ಕೆ 50 ಹಲ್ಲು, ಒಂದು ಸುತ್ತಿಗೆ 200 ಹೆಜ್ಜೆ, ಒಂದು ಹೆಜ್ಜೆಗೆ 1.8 ಡಿಗ್ರಿ. ಹೆಜ್ಜೆಗೊಂದು ಕುಲುಕು ಇದ್ದೇ ಇರುತ್ತದೆ. ಅದನ್ನು ತಪ್ಪಿಸಲು ಮೈಕ್ರೋಸ್ಟೆಪ್ ಎಂಬ ಉಪಾಯ ಇದೆ. ಬಂದರಿನ ಧಕ್ಕೆಯಲ್ಲಿ ಒಂದು ದೋಣಿಯ ಮೂತಿಗೆ ಎರಡು ಹಗ್ಗ ಕಟ್ಟಿದ್ದಾರೆ ಅಂದುಕೊಳ್ಳಿ. ಒಬ್ಬ ಉತ್ತರಕ್ಕೆ ಎಳೆಯುತ್ತಾನೆ, ಇನ್ನೊಬ್ಬ ಪೂರ್ವಕ್ಕೆ. ಉತ್ತರದವನು ಫಕ್ಕನೆ ಬಿಟ್ಟು ಪೂರ್ವದವನು ಫಕ್ಕನೆ ಎಳೆದರೆ ಮೂತಿ ಧಡ್ ಅಂತ ತಿರುಗುತ್ತದೆ. ಅವನು ಮೆಲ್ಲಗೆ ಸಡಿಲ ಬಿಡುತ್ತಾ ಇವನು ಅಷ್ಟಷ್ಟೇ ಎಳೆಯುತ್ತಾ ಹೋದರೆ ಮೂತಿ ನಡುವಿನ ಎಲ್ಲ ದಿಕ್ಕನ್ನೂ ನೋಡುತ್ತಾ ನಯವಾಗಿ ತಿರುಗುತ್ತದೆ. ಮೋಟಾರಿನೊಳಗೆ ಕರೆಂಟು ಹರಿದಾಗ ಕಾಂತವಾಗುವ ಎರಡು ತಂತಿ ಸುರುಳಿಗಳೇ ಆ ಇಬ್ಬರು. ಇನ್ನೊಂದು ರೀತಿ ಹೇಳುವುದಾದರೆ, ಕಾರಿನಲ್ಲಿ ಎಡ ಬಲ ಸ್ಪೀಕರುಗಳ ಬ್ಯಾಲೆನ್ಸ್ ತಿರುಗಿಸಿದಾಗ ಹಾಡು ಯಾವ ಸ್ಪೀಕರೂ ಇಲ್ಲದ ಜಾಗದಿಂದ ಬಂದ ಹಾಗೆ ಕೇಳುತ್ತದಲ್ಲ, ಹಾಗೆಯೇ ಇಲ್ಲಿ ಯಾವ ಸುರುಳಿಯೂ ಇಲ್ಲದ ಕಡೆಗೆ ಕಾಂತದ ಎಳೆತ ತೋರುತ್ತದೆ.

ಒಂದು ಹೆಜ್ಜೆಯನ್ನು 16 ಮಾಡಿದರೆ ಸುತ್ತಿಗೆ 3,200 ಪುಟ್ಟ ಹೆಜ್ಜೆ. ಬೆಲ್ಟು ಎಳೆಯುವ ನನ್ನ ಪುಲ್ಲಿಗೆ 20 ಹಲ್ಲು, ಬೆಲ್ಟಿನ ಹಲ್ಲುಗಳ ಅಂತರ 2 ಮಿ.ಮೀ., ಒಂದು ಸುತ್ತಿಗೆ 40 ಮಿ.ಮೀ. ಹಾಗಾಗಿ ಒಂದು ಪುಟ್ಟ ಹೆಜ್ಜೆಗೆ 0.0125 ಮಿ.ಮೀ., ತಲೆಕೂದಲಿಗಿಂತ ಎಷ್ಟೋ ಸಣ್ಣದು. ಇಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿ ಮುಂದೆ ಹೋಗುತ್ತಾರೆ. ನಾನೂ ಹೋಗಿದ್ದೆ. ಆದರೆ ಪುಟ್ಟ ಹೆಜ್ಜೆಗೆ ಪುಟ್ಟ ಬಲವೇ ಇರುವುದು. 16 ಭಾಗ ಮಾಡಿದರೆ ಒಂದು ಭಾಗದ ತಳ್ಳುವಿಕೆ ಮೋಟಾರಿನ ಪೂರ್ತಿ ಹಿಡಿತದ ಸುಮಾರು 10% ಮಾತ್ರ. ನನ್ನ ಮೋಟಾರಿನ ಹಿಡಿತ 0.4 ನ್ಯೂಟನ್ ಮೀಟರ್, ಬೆಲ್ಟಿನ ಮೇಲೆ ಅದು ಸುಮಾರು 6 ಕಿಲೋದಷ್ಟು ಎಳೆತ. ಅದರಲ್ಲಿ 10% ಅಂದರೆ 600 ಗ್ರಾಂ.

ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ತಂದು, ಸ್ಲೈಡರಿನಲ್ಲಿ ಕ್ಯಾಮೆರಾ ಹೊತ್ತು ಸರಿಯುವ ಪುಟ್ಟ ಗಾಡಿಗೆ ಸಿಕ್ಕಿಸಿ ಎಳೆದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಮೇಜಿನ ಡ್ರಾಯರ್ ಜಾರುವ ಚಾನೆಲ್ ಮೇಲೆ ಕೂತ ಗಾಡಿ, ಮೇಲೆ ಕ್ಯಾಮೆರಾ. ಹೊರಡಲು 900 ಗ್ರಾಂ ಬೇಕಾಯಿತು, ಹೊರಟಮೇಲೆ 500. ಸರಿ, ಸಿಕ್ಕಿತು! ಮೊದಲ ಪುಟ್ಟ ಹೆಜ್ಜೆಗೆ ಗಾಡಿ ಅಲ್ಲಾಡುವುದೇ ಇಲ್ಲ, ಎಳೆತ ಬೆಲ್ಟಿನಲ್ಲಿ ಕೂತುಕೊಳ್ಳುತ್ತದೆ. ಎರಡನೆಯದಕ್ಕೆ ಜಿಗಿಯುತ್ತದೆ. ರಥಬೀದಿಯೇ. ದೊಡ್ಡ ಮೋಟಾರು ಹಾಕಿದ್ದರೂ ಚಾನೆಲ್ ಅದೇ, ಹಿಗ್ಗುವ ಬೆಲ್ಟೂ ಅದೇ. ತೇರಿಗೆ ಇನ್ನೂ 50 ಜನ ಕೈ ಹಾಕಿದರೆ ಜಿಗಿತ ನಿಲ್ಲುತ್ತದೆಯಾ?

ಇಷ್ಟು ಸಣ್ಣ ಜಿಗಿತಕ್ಕೆ ದೂರದ ಲೈಟ್‌ಹೌಸ್ ಯಾಕೆ ನಡುಗಬೇಕು? ಈ ಪ್ರಶ್ನೆ ನನ್ನ ಎರಡು ರಾತ್ರಿ ನಿದ್ದೆ ಕೆಡಿಸಿತು. ಬಸ್ಸಿನಲ್ಲಿ ನೇತ್ರಾವತಿ ಸೇತುವೆ ದಾಟುವಾಗ ಕಂಬಿ ಓಡುತ್ತದೆ, ದೂರದ ತೆಂಗಿನ ಸಾಲು ಜೊತೆಗೇ ಬರುತ್ತದೆ. ಕ್ಯಾಮೆರಾ ಪಕ್ಕಕ್ಕೆ ಸರಿದರೆ ದೂರದ್ದು ಕದಲುವುದು ತೀರಾ ಕಡಿಮೆ. ಈ ಆಳ ಸಿಗಲಿ ಅಂತಲೇ ಸ್ಲೈಡರ್ ಬೇಕಾಗುವುದು, ಜೂಮ್ ಮಾಡಿದರೆ ಸಿಗುವುದಿಲ್ಲ. ಆದರೆ ಕ್ಯಾಮೆರಾ ವಾಲಿದರೆ ಹತ್ತಿರದ್ದು, ದೂರದ್ದು ಎಲ್ಲವೂ ಒಟ್ಟಿಗೆ ಕುಲುಕುತ್ತವೆ. ಪ್ರತಿ ಜಿಗಿತಕ್ಕೂ ಸಡಿಲವಾದ ಚಾನೆಲ್‌ನಲ್ಲಿ ಗಾಡಿ ಚೂರು ವಾಲುತ್ತಿತ್ತು. 10 ಸೆಂ.ಮೀ. ಅಗಲದ ಗಾಡಿಯಲ್ಲಿ 0.1 ಮಿ.ಮೀ. ಸಡಿಲ ಇದ್ದರೆ ಅದು ಸುಮಾರು 0.06 ಡಿಗ್ರಿ. 50 ಮಿ.ಮೀ. ಲೆನ್ಸಿನ 4ಕೆ ವಿಡಿಯೋದಲ್ಲಿ ಅಷ್ಟಕ್ಕೆ ಚಿತ್ರ ಐದಾರು ಪಿಕ್ಸೆಲ್ ಸರಿಯುತ್ತದೆ.

ಚಾನೆಲ್ ಬಿಸಾಡಿದೆ. ಬದಲಿಗೆ ಅಲ್ಯೂಮಿನಿಯಂ ಪಟ್ಟಿ, ಅದರ ಗಾಡಿಯಲ್ಲಿ ಬೇರಿಂಗ್ ಇರುವ ನಾಲ್ಕು ಪ್ಲಾಸ್ಟಿಕ್ ಚಕ್ರ. ನಮ್ಮ ಕಡಲ ಗಾಳಿಗೆ ಸಾದಾ ಉಕ್ಕಿನ ಸರಳು ಬೇಗ ತುಕ್ಕು ಹಿಡಿಯುತ್ತದೆ, ಅದನ್ನು ಹಾಕಬೇಡಿ. ಬೈಕಂಪಾಡಿಯ ಒಂದು ಲೇತ್ ಅಂಗಡಿಯಲ್ಲಿ ಎರಡು ತುದಿಯ ಪ್ಲೇಟಿಗೆ ತೂತು ಕೊರೆಸಿಕೊಂಡೆ. ಚಕ್ರ ಬಿಗಿ ಮಾಡುವ ಓರೆ ನಟ್ಟು ತಿರುಗಿಸಿ ಅಲ್ಲಾಟ ತೆಗೆದೆ. ತಕ್ಕಡಿಯಲ್ಲಿ ಈಗ 120 ಗ್ರಾಂ. ಆಮೇಲಷ್ಟೇ ಹೆಜ್ಜೆಯನ್ನು 256 ಭಾಗ ಮಾಡುವ ಟಿಎಂಸಿ 2208 ಡ್ರೈವರ್, ಅಂದರೆ ಸುರುಳಿಗಳಿಗೆ ಕರೆಂಟು ಅಳೆದು ಕೊಡುವ ಚಿಪ್, ಹಾಕಿದೆ. ಪ್ರೋಗ್ರಾಮಿನಲ್ಲಿ ವೇಗವನ್ನು ಒಮ್ಮೆಲೇ ಕೊಡದೆ ಮೆಲ್ಲಗೆ ಏರಿಸಿದೆ. ಎಕ್ಸ್‌ಪ್ರೆಸ್ ಬಸ್ಸು ಫಕ್ಕನೆ ಹೊರಟಾಗ ನಿಂತವರಿಗೆ ಏನಾಗುತ್ತದೋ ಕ್ಯಾಮೆರಾಕ್ಕೂ ಅದೇ ಆಗುತ್ತದೆ.

ಮೊನ್ನೆ ಅದೇ ಬಂಡೆ, ಅದೇ ಹೊತ್ತು. 60 ಸೆಂ.ಮೀ. ದೂರ, ಒಂದು ನಿಮಿಷ. ಎದುರಿನ ಕಲ್ಲು ಫ್ರೇಮಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗಿತು. ಲೈಟ್‌ಹೌಸ್ ನೆಟ್ಟಗೆ ನಿಂತಿತ್ತು.

ಈಗ ಶಂಕರಪುರದ ಮಲ್ಲಿಗೆ ಮೊಗ್ಗು ಅರಳುವುದನ್ನು ಮ್ಯಾಕ್ರೋ ಲೆನ್ಸಿನಲ್ಲಿ ಸರಿಯುತ್ತಾ ತೆಗೆಯುವ ಆಸೆ ಬಂದಿದೆ. ಅಷ್ಟು ಹತ್ತಿರದಲ್ಲಿ 0.0125 ಮಿ.ಮೀ. ಕೂಡ ಒಂದೆರಡು ಪಿಕ್ಸೆಲ್. ಅದಕ್ಕೆ ಬೆಲ್ಟು ಸಾಲದು, ಹಿಗ್ಗದ ಸ್ಕ್ರೂ ಸರಳೇ ಬೇಕು. ತಕ್ಕಡಿ ಮತ್ತೆ ಹೊರಗೆ ಬಂದಿದೆ.